ಚಳಿಗಾಲಕ್ಕೆ ಊಟ ಬಿಟ್ಟ ಓತಿಕ್ಯಾತ

ನನ್ನ ಹೆಂಡತಿ ನನಗೆ ಕಟ್ಟಕಡೆಗೆ ಹೇಳಿದ ಮಾತು ಒಂದು ಓತಿಕ್ಯಾತದ ಬಗ್ಗೆ. ಅದಕ್ಕೆ ನಾನು 'ಹೂಂ' ಅಂದೆ. ಅವಳು ಏನು ಹೇಳಿದಳು ಅನ್ನೋದು ಮಾತ್ರ ನನಗೆ ಗೊತ್ತಿಲ್ಲ, ಯಾಕಂದ್ರೆ ನಾನು ಕೇಳಿಸಿಕೊಂಡಿರಲಿಲ್ಲ.

ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಿದ್ದೆ. ಅಂಗಡಿಗೆ ಬರಬೇಕಾದ ವೈರಿನ ಬಂಡಲ್ಲುಗಳು ಹುಬ್ಬಳ್ಳಿಯಲ್ಲೇ ನಿಂತುಬಿಟ್ಟಿದ್ದವು, ಲಾರಿಯವನಿಗೆ ಫೋನಿನಲ್ಲಿ ಬೈದು ಬೈದು ಮೆಸೇಜು ಹಾಕುತ್ತಿದ್ದೆ. ಅವಳು ಏನೋ ಅಂದಳು. 'ಓತಿ' ಅನ್ನೋದು ಕಿವಿಗೆ ಬಿತ್ತು. ಹೂಂ ಅಂದೆ. ಆಮೇಲೆ ಲಾರಿಯವನಿಗೆ ಫೋನೇ ಮಾಡೋಣ ಅಂತ ವರಾಂಡಕ್ಕೆ ಎದ್ದುಹೋದೆ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಬಂದು, ಉಸಿರು ಸಾಲುತ್ತಿಲ್ಲ, ಒಳಗೆ ಕರಕೊಂಡು ಹೋಗ್ತೀವಿ ಅಂದರು. ಒಳಗೆ ಹೋದಮೇಲೆ ಬಾಯಿಗೆ ಮಾಸ್ಕು ಹಾಕಿದರು. ಆಮೇಲೆ ಅವಳು ಮಾತಾಡಲಿಲ್ಲ. ದಸರಾ ಮುಗಿದು ಇನ್ನೂ ಬನ್ನಿ ಎಲೆ ದೇವರ ಮುಂದೆ ಒಣಗುತ್ತಿತ್ತು, ಅಷ್ಟರಲ್ಲಿ ಎಲ್ಲ ಮುಗಿದೇಹೋಯಿತು.

ನಮ್ಮದು ದಾವಣಗೆರೆ, ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ. ನನ್ನದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಅವಳು ಹರಿಹರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಇಪ್ಪತ್ತಾರು ವರ್ಷ ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದಳು. ಮಕ್ಕಳಿಲ್ಲ. ಅದರ ಬಗ್ಗೆ ಮಾತಾಡೋದನ್ನ ನಾವು ಯಾವತ್ತೋ ಬಿಟ್ಟಿದ್ವಿ. ಬೇರೆಯವರು ಬಿಟ್ಟಿರಲಿಲ್ಲ ಅನ್ನಿ.

ಓತಿಕ್ಯಾತ ಮನೆಗೆ ಬಂದದ್ದು ಹೋದ ಯುಗಾದಿ ಹೊತ್ತಿಗೆ. ಅವಳ ಹಳೇ ಶಿಷ್ಯೆಯೊಬ್ಬಳು, ಈಗ ಪಿ.ಜೆ. ಬಡಾವಣೆಯ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯೋ ಕೆಲಸ ಮಾಡ್ತಾಳೆ. ಅವಳು ಸಾಕಿದ್ದ ಓತಿ ಅದು. ಮಗು ಹುಟ್ಟಿದಮೇಲೆ ಅತ್ತೆ ಮನೆಯಲ್ಲಿ ಬ್ಯಾಡ ಅಂದರಂತೆ. 'ನಾನು ಇಟ್ಕೋತೀನಿ ಕೊಡು' ಅಂತ ಇವಳು ಒಂದೇ ಮಾತಿಗೆ ಹೊತ್ತುಕೊಂಡು ಬಂದಳು. ಗಾಜಿನ ಪೆಟ್ಟಿಗೆ, ಅದರ ಮೇಲೊಂದು ದೀಪ, ಒಳಗೆ ಮೊಳ ಉದ್ದದ ಮರಳಿನ ಬಣ್ಣದ ಓತಿಕ್ಯಾತ. ಗದ್ದದ ಕೆಳಗೆ ಮುಳ್ಳುಮುಳ್ಳು ಗಡ್ಡ. ಆಸ್ಟ್ರೇಲಿಯಾ ಕಡೆಯ ಜಾತಿಯಂತೆ, ಸಾಕೋಕೆ ಸರ್ಕಾರದ ಕಾಗದ ಬೇರೆ ಮಾಡಿಸಬೇಕಂತೆ.

"ಲೇ, ನಾಯಿ ಸಾಕು, ಬೆಕ್ಕು ಸಾಕು, ಗಿಳಿ ಸಾಕು. ಬೇಲಿ ಮೇಲೆ ಕೂತು ತಲೆ ಆಡಿಸೋ ಓತಿಕ್ಯಾತನ್ನ ಯಾರಾದ್ರೂ ಮನೆಯಾಗೆ ಸಾಕ್ತಾರಾ?" ಅಂತ ನಾನು ಕೂಗಾಡಿದೆ.

"ನಿಮ್ಮನ್ನ ಸಾಕಿಲ್ಲೇನ್ರಿ?" ಅಂದಳು.

ಅವಳ ಮಾತೇ ಹಂಗೆ. ನಾನು ಟೀವಿ ಸೌಂಡು ಜಾಸ್ತಿ ಮಾಡಿದೆ.

ಓತಿ ಸೊಪ್ಪು ತಿನ್ನುತ್ತಿತ್ತು. ನುಗ್ಗೆಸೊಪ್ಪು, ಕುಂಬಳಕಾಯಿ ತುರಿ, ದಾಸವಾಳದ ಹೂವು. ಅಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಅದಕ್ಕೆ ಹುಳಾನೂ ಬೇಕು. ಇವಳು ಒಂದು ಡಬ್ಬಿಯಲ್ಲಿ ಗೋಧಿ ಬೂಸಾ ಹಾಕಿ ಹುಳ ಬೆಳೆಸುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ ನಮ್ಮದು, ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬಂದಿಲ್ಲ. ಡಬ್ಬಿ ಕಂಡು ನನಗೆ ಮೈ ಉರಿದುಹೋಗಿತ್ತು. ಅವಳು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿ ಇರುವಾಗಲೇ ಚಿಮ್ಮಟದಲ್ಲಿ ಹುಳ ಹಿಡಿದು ಗಾಜಿನೊಳಗೆ ಬಿಡುತ್ತಿದ್ದಳು. "ಅದರ ಪಾಲಿನ ಪ್ರಸಾದ ಅದಕ್ಕೆ" ಅನ್ನೋಳು. ನಾನು ಆ ಡಬ್ಬಿ ಮುಟ್ಟಲಿಲ್ಲ. ಓತಿಯನ್ನಂತೂ ಒಂದು ದಿನವೂ ಮುಟ್ಟಲಿಲ್ಲ.

ಅವಳು ಹೋದ ಮೇಲೆ ಆನಗೋಡಿನಿಂದ ನನ್ನ ಅಕ್ಕ ಬಂದಳು. ಗಂಡ ಹೋಗಿ ಹತ್ತು ವರ್ಷವಾದರೂ ಹೊಲ ಮನೆ ಎಲ್ಲ ತಾನೇ ನೋಡಿಕೊಳ್ಳೋ ಹೆಂಗಸು. ನನಗಿಂತ ಏಳು ವರ್ಷ ದೊಡ್ಡವಳು. ಬಂದ ಮೊದಲನೇ ದಿನವೇ ಅಡುಗೆಮನೆ ತೊಳೆದಳು, ಎರಡನೇ ದಿನ ಹುಳದ ಡಬ್ಬಿ ಒಯ್ದು ಹಿಂದಿನ ಬೀದಿಯವರ ಕೋಳಿಗೆ ಸುರಿದು ಬಂದಳು. "ಸೂತಕದ ಮನೆಯಾಗೆ ಹುಳ ಮಿಜಿಮಿಜಿ ಅಂತಾವೆ, ಅಯ್ಯಪ್ಪಾ!" ಅಂದಳು. ನಾನು ತಡೆಯಲಿಲ್ಲ. ಆಗ ನನಗೆ ಯಾವುದಕ್ಕೂ ಏನೂ ಅನಿಸುತ್ತಿರಲಿಲ್ಲ. ಜನ ಬಂದರು, ಕೂತರು, ಚಹಾ ಕುಡಿದರು, ಹೋದರು. ನನಗೆ ಅಳು ಬರಲಿಲ್ಲ. ಬರುತ್ತದೆ ಬರುತ್ತದೆ ಅಂತ ಎಲ್ಲರೂ ಕಾದರು, ನಾನೂ ಕಾದೆ.

ನಮ್ಮಲ್ಲಿ ಸುಡೋದಿಲ್ಲ. ಮಲಗಿಸಿ ಹೂಳೋದೂ ಇಲ್ಲ, ಕೂರಿಸೋದು. ಹರಿಹರದ ಹೊರಗೆ ಹೊಳೆ ಕಡೆಗೆ ನಮ್ಮ ಮನೆತನದ ತುಂಡು ಜಮೀನಿದೆ, ನಮ್ಮವರೆಲ್ಲ ಅಲ್ಲೇ ಕೂತಿದ್ದಾರೆ. ಗುಂಡಿ ತೋಡಿ, ಅದರ ಒಂದು ಗೋಡೆಗೆ ಗೂಡು ಕೊರೆಯುತ್ತಾರೆ. ಪೂಜೆಗೆ ಕೂತ ಹಾಗೆ ಕಾಲು ಮಡಚಿಸಿ ಆ ಗೂಡಿನೊಳಗೆ ಕೂರಿಸಿ, ಸುತ್ತ ವಿಭೂತಿ, ಪತ್ರಿ ತುಂಬಿ, ಆಮೇಲೆ ಮಣ್ಣು ಎಳೆಯುತ್ತಾರೆ. ಅವಳನ್ನೂ ಹಂಗೇ ಕೂರಿಸಿದರು. ಸ್ವಾಮಿಗಳು "ಕಡೇ ಸಲ ಮುಟ್ಟಿ ನಮಸ್ಕಾರ ಮಾಡ್ರಿ" ಅಂದರು. ನಾನು ಕೈ ಚಾಚಿದೆ, ಆದರೆ ಮುಟ್ಟಲಿಲ್ಲ. ಒಂದು ಗೇಣು ದೂರದಿಂದಲೇ ಪತ್ರಿ ಉದುರಿಸಿದೆ. ಯಾಕೆ ಅಂತ ಕೇಳಬ್ಯಾಡ್ರಿ, ನನಗೂ ಗೊತ್ತಿಲ್ಲ. ತಣ್ಣಗಿರುತ್ತಾಳೆ ಅಂತ ಹೆದರಿದೆನೋ ಏನೋ.

ಹನ್ನೊಂದನೇ ದಿನದ ಕಾರ್ಯ ಮುಗಿದು, ಅಕ್ಕ ಒಬ್ಬಳನ್ನ ಬಿಟ್ಟು ಮನೆ ಖಾಲಿಯಾದ ಮೇಲೆ ಗಾಜಿನ ಪೆಟ್ಟಿಗೆ ಕಣ್ಣಿಗೆ ಬಿತ್ತು. ಓತಿ ಒಳಗಿನ ಕೊರಡಿನ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಅವಳು ಕಡೆಗೆ ಹೇಳಿದ್ದು ಇದರ ವಿಷಯ ಅನ್ನೋದು ಆಗ ನೆನಪಾಯಿತು. ನೋಡಿಕೊಳ್ಳಿ ಅಂದಿರಬೇಕು, ಇನ್ನೇನು ಅಂದಿರುತ್ತಾಳೆ? ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಹೇಳಿದ ಒಂದು ಕೆಲಸವನ್ನಾದರೂ ಸರಿಯಾಗಿ ಮಾಡೋಣ ಅಂತ ನಿರ್ಧಾರ ಮಾಡಿದೆ. ಈ ಓತಿ ಸಾಯಬಾರದು. ಅಷ್ಟೇ. ಬೇರೆ ಯಾವ ಆಸೆಯೂ ನನಗಿರಲಿಲ್ಲ.

ಅದೇ ವಾರ ಪೆಟ್ಟಿಗೆಯ ಬಲ್ಬು ಸುಟ್ಟುಹೋಯಿತು. ಅದಾದರೂ ನನಗೆ ಗೊತ್ತಿರೋ ಕೆಲಸ. ತೆಗೆದು ನೋಡಿದರೆ ಹಳೇ ಕಾಲದ, ಕೈ ಸುಡುವಂಥ ಬಲ್ಬು. ಇಂಥದ್ದನ್ನ ಈಗ ಯಾರು ಹಾಕ್ತಾರೆ, ಕರೆಂಟು ಕುಡಿಯೋ ಪಿಶಾಚಿ ಅಂದುಕೊಂಡು, ಅಂಗಡಿಯಿಂದ ಒಳ್ಳೆ ಎಲ್‌ಇಡಿ ತಂದು ಹಾಕಿದೆ. ಹಾಲಿನಂಥ ಬೆಳಕು. ಮೂವತ್ತು ವರ್ಷ ಬಲ್ಬು ಮಾರಿದವನು ನಾನು, ನನಗೆ ಯಾರು ಹೇಳಬೇಕು? ಅವಳಿದ್ದಿದ್ದರೆ ಮೆಚ್ಚುತ್ತಿದ್ದಳು ಅಂತಲೂ ಅನಿಸಿತು.

ಕಾರ್ತಿಕ ಮುಗಿಯುತ್ತಾ ಬಂದ ಹಾಗೆ ಓತಿ ತಿನ್ನೋದು ಕಡಿಮೆ ಮಾಡಿತು. ಬೆಳಿಗ್ಗೆ ಹಾಕಿದ ನುಗ್ಗೆಸೊಪ್ಪು ಸಂಜೆ ಬಾಡಿ ಹಾಗೇ ಬಿದ್ದಿರುತ್ತಿತ್ತು. ಮೊದಲು ದಾಸವಾಳ ಬಿಟ್ಟಿತು, ಆಮೇಲೆ ಕುಂಬಳ ಬಿಟ್ಟಿತು. ಕೊರಡಿನ ಮೇಲೆ ಕೂರೋದೂ ಬಿಟ್ಟಿತು. ಮೂಲೆಯಲ್ಲಿ ಬಾಯಿ ಒಡೆದ ಒಂದು ದೊಡ್ಡ ಮಣ್ಣಿನ ಕುಡಿಕೆ ಬೋರಲು ಹಾಕಿ ನನ್ನ ಹೆಂಡತಿ ಗವಿ ಥರ ಮಾಡಿದ್ದಳು, ಅದರೊಳಗೆ ಹೋಗಿ ಕೂತುಬಿಡೋದು. ಬಾಲದ ತುದಿ ಮಾತ್ರ ಹೊರಗೆ.

ನಾನೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಅಕ್ಕ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಮಾಡಿ ಮುಂದೆ ಇಡೋಳು. ಬಾಯಿಗೆ ಹಾಕಿದರೆ ರುಚಿಯೇ ಗೊತ್ತಾಗುತ್ತಿರಲಿಲ್ಲ. ಉಪ್ಪಿದೆಯೋ ಖಾರವಿದೆಯೋ ತಿಳಿಯದೆ ಅರ್ಧ ರೊಟ್ಟಿ ಜಗಿದು ಎದ್ದುಬಿಡುತ್ತಿದ್ದೆ. ಅಂಗಡಿಗೆ ಹೋಗಿ ಕೂರೋದು, ಬರೋದು, ಗೋಡೆ ನೋಡೋದು. ಹುಡುಗರು ಬೆಣ್ಣೆದೋಸೆ ಕಟ್ಟಿಸಿಕೊಂಡು ಬಂದು ಕೊಟ್ಟರೆ ಪೊಟ್ಟಣ ಬಿಚ್ಚದೆ ಪಕ್ಕಕ್ಕಿಡುತ್ತಿದ್ದೆ.

ಅಕ್ಕ ಒಂದು ದಿನ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಏನಪಾ ಇದು? ಗಾಜಿನಾಗೆ ಒಂದು, ಸೋಫಾ ಮ್ಯಾಲೆ ಒಂದು! ಎರಡೂ ಬಾಯಿ ಮುಚ್ಕೊಂಡು ಕುಂತಾವೆ. ನಾನು ಯಾರಿಗೆ ಅಂತ ಬೇಯಿಸ್ಲಿ?"

ನನಗೆ ಸಿಟ್ಟು ಬಂತು. "ನೀನೇ ಅದರ ಹುಳ ಎಲ್ಲ ಕೋಳಿಗೆ ಹಾಕಿ ಬಂದೆ. ಅದಕ್ಕೇ ಅದು ಉಪವಾಸ ಬಿದ್ದೈತೆ."

"ಹಂಗಾದ್ರೆ ನೀನೇ ಹಿಡ್ಕೊಂಡು ಬಾರಪಾ, ನಾನೇನು ಬ್ಯಾಡ ಅಂತೀನಾ?"

ಮಾತಿಗೆ ಅಂದಳೋ ಏನೋ, ನಾನು ಹೋಗೇಬಿಟ್ಟೆ. ನಮ್ಮ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಹುಲ್ಲು ಬೆಳೆದಿದೆ. ಅರವತ್ತೆರಡು ವರ್ಷದ ವ್ಯಾಪಾರಸ್ಥ, ಬಿಳೀ ಪಂಚೆ ಎತ್ತಿ ಕಟ್ಟಿಕೊಂಡು, ಪ್ಲಾಸ್ಟಿಕ್ ಕವರು ಹಿಡಿದು ಮಿಡತೆ ಹಿಂದೆ ಕುಪ್ಪಳಿಸಿದೆ. ಎದುರು ಮನೆಯ ರಿಟೈರ್ಡ್ ಮ್ಯಾನೇಜರು ಗೇಟಿನಲ್ಲಿ ನಿಂತು "ಏನಾದ್ರೂ ಕಳಕೊಂಡ್ರಾ?" ಅಂತ ಕೇಳಿದರು. "ಹೂಂ" ಅಂದೆ. ಪಾಪ, ಅವರೂ ಬಗ್ಗಿ ಹುಡುಕೋಕೆ ಶುರು ಮಾಡಿದರು.

ನಾಲ್ಕು ಮಿಡತೆ ಸಿಕ್ಕವು. ಜೀವ ಇರೋ ಹುಳಾನ ಇನ್ನೊಂದರ ಬಾಯಿಗೆ ಕೊಡೋ ಕೆಲಸ ಹುಟ್ಟಿದಾಗಿಂದ ಮಾಡಿದವನಲ್ಲ. ಕೊರಳ ಲಿಂಗವನ್ನ ಅಂಗಿಯೊಳಗೆ ಸೇರಿಸಿಕೊಂಡೆ, ಅದು ನೋಡಬಾರದು ಅನ್ನೋ ಹಾಗೆ. ಮಿಡತೆ ಪೆಟ್ಟಿಗೆಯೊಳಗೆ ಬಿಟ್ಟೆ. ಓತಿ ಕುಡಿಕೆಯಿಂದ ಮೂತಿ ಮಾತ್ರ ಹೊರಗೆ ಹಾಕಿತ್ತು. ಒಂದು ಮಿಡತೆ ಹಾರಿ ಅದರ ನೆತ್ತಿಯ ಮೇಲೆ ಕೂತು ಮೀಸೆ ತಿರುವಿತು. ಓತಿ ನಿಧಾನಕ್ಕೆ ಕಣ್ಣು ಮುಚ್ಚಿಕೊಂಡಿತು. ಅಷ್ಟೇ.

ನಾನು ಪೆಟ್ಟಿಗೆ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಏನು ಹೇಳಿದ್ದೆ ನೀನು? ಸೊಪ್ಪು ಬದಲಾಯಿಸಿ ಅಂದೆಯಾ? ಔಷಧ ಏನಾದರೂ? ಯಾರಿಗಾದರೂ ಕೊಟ್ಟುಬಿಡಿ ಅಂದೆಯಾ? ವಾರ್ಡು ನೆನಪಿಗೆ ಬರುತ್ತಿತ್ತು. ಹಸಿರು ಪರದೆ, ಗ್ಲೂಕೋಸಿನ ಸ್ಟ್ಯಾಂಡು, ಅವಳ ತುಟಿ ಒಡೆದು ಬಿಳಿಯಾಗಿದ್ದು, ಆ ತುಟಿ ಅಲ್ಲಾಡಿದ್ದು. ದನಿ ಮಾತ್ರ ಬರುತ್ತಿರಲಿಲ್ಲ. ಲಾರಿಯವನಿಗೆ ಏನು ಬೈದೆ ಅನ್ನೋದು ಅಕ್ಷರ ಅಕ್ಷರ ನೆನಪಿದೆ, ಥೂ.

ಪಶುವೈದ್ಯರೊಬ್ಬರಿಗೆ ಫೋನು ಮಾಡಿದೆ. "ಎಮ್ಮೆ, ಆಕಳು, ನಾಯಿ ಆದ್ರೆ ಹೇಳ್ರಿ ಯಜಮಾನ್ರೆ. ಓತಿಕ್ಯಾತದ್ದು ನಾನು ಓದಿಲ್ಲ" ಅಂದರು. ಅವರದೇನೂ ತಪ್ಪಿಲ್ಲ. ಶಿಷ್ಯೆಯನ್ನ ಕೇಳಬಹುದಿತ್ತಲ್ಲ ಅಂತ ನೀವು ಅನ್ನಬಹುದು. ಅನ್ನಿ. ನನಗೂ ಹೊಳೆದಿತ್ತು. ಆದರೆ ಕೇಳಿದರೆ, ಮೇಡಂ ನಿಮಗೆ ಹೇಳಲಿಲ್ಲವಾ ಅಂತಾಳೆ. ಹೇಳಿದಳು, ನಾನು ಕೇಳಲಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ? ಆ ಒಂದು ಮರ್ಯಾದೆಗೆ ಸುಮ್ಮನಿದ್ದೆ.

ಪುಷ್ಯದ ಚಳಿ ಬಿತ್ತು. ಈ ಸಲ ದಾವಣಗೆರೆಯಲ್ಲೂ ಬೆಳಿಗ್ಗೆ ಸ್ವೆಟರ್ ಹಾಕುವಂಥ ಚಳಿ. ಓತಿ ಬಾಲವನ್ನೂ ಒಳಗೆ ಎಳೆದುಕೊಂಡಿತು. ಎಂಟು ದಿನ ಹೊರಗೇ ಬರಲಿಲ್ಲ. ಒಂದು ಸೋಮವಾರ ನಾನು ಸ್ನಾನ ಮುಗಿಸಿ ಬರುವಾಗ ಅಕ್ಕ ಪೆಟ್ಟಿಗೆ ಹತ್ತಿರ ನಿಂತಿದ್ದಳು. ಕೈಯಲ್ಲಿ ಪೊರಕೆ ಕಡ್ಡಿ.

"ಹೋಯ್ತು ತಮ್ಮಾ" ಅಂದಳು.

"ಏನು ಹೋಯ್ತು?"

"ಕುಡಿಕೆ ಎತ್ತಿ ತಿವಿದು ನೋಡಿದೆ. ಅಲ್ಲಾಡಲಿಲ್ಲ. ಬೆರಳಿಟ್ಟು ನೋಡಿದ್ರೆ ಕಲ್ಲಿದ್ದಂಗೆ ತಣ್ಣಗೈತೆ. ಪಾಪ, ಅವಳ ಹಿಂದೆನೇ ಹೋಯ್ತು."

ನಾನು ಹತ್ತಿರ ಹೋದೆ. ಬೂದಿ ಬಣ್ಣಕ್ಕೆ ತಿರುಗಿತ್ತು, ಕಣ್ಣು ಮುಚ್ಚಿತ್ತು. ಮುಟ್ಟಿ ನೋಡಲಿಲ್ಲ. ಆಗಲೂ ನನಗೆ ಏನೂ ಆಗಲಿಲ್ಲ. ದುಃಖ ಆಗಬೇಕಿತ್ತು, ಆಗಲಿಲ್ಲ. ಇದನ್ನೂ ಉಳಿಸಿಕೊಳ್ಳಲಿಲ್ಲವಲ್ಲ ಅಂತ ತಲೆಯೊಳಗೆ ಯಾರೋ ಓದಿ ಹೇಳಿದ ಹಾಗೆ ಕೇಳಿಸಿತು, ಅಷ್ಟೇ. ಟವೆಲಿನಿಂದ ತಲೆ ಒರೆಸಿಕೊಂಡೆ.

ಅಕ್ಕ ಅದನ್ನ ನನ್ನ ಹೆಂಡತಿಯದೊಂದು ಹಳೇ ಕರ್ಚೀಫಿನಲ್ಲಿ ಸುತ್ತಿದಳು. ಅಂಗಡಿಗೆ ಬಲ್ಬುಗಳು ಬಂದಿದ್ದ ದೊಡ್ಡ ರಟ್ಟಿನ ಡಬ್ಬಿಯೊಳಗೆ ಇಟ್ಟಳು. "ಹಿತ್ತಲಾಗೆ ಹುಗಿ" ಅಂದಳು. ನಾನು ಡಬ್ಬಿ ತಗೊಂಡು ಸ್ಕೂಟರಿನ ಮುಂದೆ ಇಟ್ಟುಕೊಂಡು ಹರಿಹರಕ್ಕೆ ಹೊರಟೆ. ಅವಳ ಹತ್ತಿರ ಬಿಟ್ಟುಬರಬೇಕು ಅನಿಸಿತು. ಅವಳ ಸಾಮಾನು ಅವಳಿಗೆ ಒಪ್ಪಿಸೋದು.

ಪಕ್ಕದ ಹೊಲದವರ ಹತ್ತಿರ ಸಲಿಕೆ ಇಸಕೊಂಡು, ಅವಳ ಮಣ್ಣಿನ ದಿಬ್ಬದಿಂದ ಎರಡು ಮಾರು ದೂರ ಮೊಳದುದ್ದ ಗುಂಡಿ ತೋಡಿದೆ. ಅಷ್ಟಕ್ಕೆ ಹಾಕಿ ಮುಚ್ಚಿದ್ದರೆ ಆಗುತ್ತಿತ್ತು. ಕೈ ನಿಲ್ಲಲಿಲ್ಲ. ನಮ್ಮ ಮನೆಯದು ಅಂದಮೇಲೆ ನಮ್ಮ ಪದ್ಧತಿ ಪ್ರಕಾರವೇ ಆಗಲಿ ಅಂತ ಗುಂಡಿಯ ಗೋಡೆಗೆ ಒಂದು ಗೂಡು ಕೊರೆದೆ. ಓತಿಕ್ಯಾತ ಕೂರುತ್ತದೆಯೇ? ಕೂರಲ್ಲ. ಬಟ್ಟೆ ಮೇಲಿಂದಲೇ ಹಿಡಿದು ಕರ್ಚೀಫಿನ ಸಮೇತ ಗೂಡಿನ ಗೋಡೆಗೆ ಒರಗಿಸಿ, ಮುಖ ಮಾತ್ರ ತೆರೆದು ಇಟ್ಟೆ. ಕಿಸೆಯಲ್ಲಿದ್ದ ವಿಭೂತಿ ಗಟ್ಟಿ ಪುಡಿ ಮಾಡಿ ಉದುರಿಸಿದೆ. ಅವಳಿಗೆ ಮಣ್ಣು ಎಳೆಯುವಾಗ ಹೆಂಟೆಗಳು ದಬದಬ ಬಿದ್ದ ಸದ್ದು ನೆನಪಾಯಿತು. ಇದರ ಕಣ್ಣಿಗೆ ಮಣ್ಣು ಬೀಳೋದು ಬ್ಯಾಡ ಅಂತ, ಒಡೆದ ಹೆಂಚೊಂದು ಹುಡುಕಿ ಗೂಡಿನ ಬಾಯಿಗೆ ಅಡ್ಡ ಇಟ್ಟೆ. ಆಮೇಲೆ ಮಣ್ಣು ಎಳೆದೆ. ವಾಪಸ್ ಬಂದು ಅಂಗಡಿ ಬಾಗಿಲು ತೆಗೆದೆ. ಆವತ್ತು ಎರಡು ಫ್ಯಾನು, ಒಂದು ಗೀಸರು ವ್ಯಾಪಾರ ಆಯಿತು.

ಬುಧವಾರ ಖಾಲಿ ಪೆಟ್ಟಿಗೆ ಕಣ್ಣಿಗೆ ಚುಚ್ಚತೊಡಗಿತು. ಆಟೋದಲ್ಲಿ ಹಾಕಿಕೊಂಡು ಪಿ.ಜೆ. ಬಡಾವಣೆಗೆ, ಆ ಶಿಷ್ಯೆ ಕೆಲಸ ಮಾಡೋ ಲ್ಯಾಬಿಗೆ ಹೋದೆ. ಅವಳ ಪೆಟ್ಟಿಗೆ ಅವಳಿಗೆ ಕೊಟ್ಟುಬಿಟ್ಟರೆ ಮುಗಿಯಿತು. ರಕ್ತ ಕೊಡೋಕೆ ಬಂದವರು ಉಪವಾಸದ ಮುಖ ಹೊತ್ತು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಆ ಹೆಣ್ಣುಮಗಳು ಕೈಗವಸು ಬಿಚ್ಚುತ್ತಾ ಹೊರಗೆ ಬಂದಳು.

"ಬರ್ರಿ ಸರ್, ಕೂಡ್ರಿ. ಓತಿ ಹೆಂಗೈತೆ ಸರ್?"

"ಹೋಯ್ತಮ್ಮ. ಸೋಮವಾರ."

ಅವಳ ಮುಖ ಸಣ್ಣಗಾಯಿತು. ಪೆಟ್ಟಿಗೆಯ ಮೇಲೆ ಕೈಯಾಡಿಸಿದಳು. ದೀಪದ ಹೋಲ್ಡರಿಗೆ ಕೈ ಹೋಗಿ ಅಲ್ಲೇ ನಿಂತಿತು. "ಇದು ಯಾವ ಬಲ್ಬು ಸರ್?"

"ಎಲ್‌ಇಡಿ. ಒಂಬತ್ತು ವ್ಯಾಟು. ಹಳೇದು ಸುಟ್ಟೋಗಿತ್ತು."

"ಇದು ಬಿಸಿನೇ ಆಗಲ್ವಲ್ಲ ಸರ್."

"ಬೆಳಕು ಚೆನ್ನಾಗಿ ಬರ್ತಿತ್ತು" ಅಂದೆ.

"ಅದಕ್ಕೆ ಬೇಕಾಗಿದ್ದು ಬೆಳಕಷ್ಟೇ ಅಲ್ಲ ಸರ್, ಶಾಖ." ಬಲ್ಬು ಬಿಚ್ಚಿ ಪಕ್ಕಕ್ಕಿಟ್ಟು ಕೇಳಿದಳು. "ಊಟ ಯಾವಾಗಿಂದ ಬಿಟ್ಟಿತ್ತು?"

"ಕಾರ್ತಿಕದಿಂದ ಕಡಿಮೆ ಮಾಡ್ತು. ಆಮೇಲೆ ಕುಡಿಕೆಯೊಳಗೆ ಹೋಗಿ ಕೂತುಬಿಡ್ತು."

"ಒಣಗಿ ಕಡ್ಡಿ ಆಗಿತ್ತಾ? ಕಣ್ಣು ಗುಳಿ ಬಿದ್ದಿತ್ತಾ? ವಾಸನೆ ಏನಾದ್ರೂ ಬಂತಾ?"

"ಇಲ್ಲ. ಹಂಗೇ ಇತ್ತು."

"ಕೈಯಾಗೆ ಹಿಡಿದು ಬಿಸಿಲಿಗೆ ಒಯ್ದು ನೋಡಿದ್ರಾ?"

ನಾನು ಪೆಟ್ಟಿಗೆಯ ಗಾಜಿನ ಧೂಳು ಒರೆಸಿದೆ.

"ಮತ್ತೆ ಸತ್ತೈತೆ ಅಂತ ಹೆಂಗೆ ಗೊತ್ತಾಯ್ತು ಸರ್?"

"ಅಕ್ಕ ಅಂದಳು."

ಬೆಂಚಿನ ಮೇಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವಳು ದನಿ ತಗ್ಗಿಸಿದಳು. "ಸರ್, ಅದು ಚಳಿಗಾಲಕ್ಕೆ ಹಂಗೇ ಮಾಡುತ್ತೆ. ನನ್ನ ಹತ್ರ ಇದ್ದಾಗ ಪ್ರತಿ ವರ್ಷ ಮಾಡ್ತಿತ್ತು. ಹಗಲು ಸಣ್ಣದಾದ್ರೆ, ಶಾಖ ಕಡಿಮೆ ಆದ್ರೆ, ಊಟ ಬಿಟ್ಟು ಮಲಗಿಬಿಡುತ್ತೆ. ಎರಡು ಮೂರು ತಿಂಗಳು. ಒತ್ತಾಯ ಮಾಡಿ ತಿನ್ನಿಸಲೂ ಬಾರದು, ಆ ತಣ್ಣನೆ ಹೊಟ್ಟೇಲಿ ಏನೂ ಅರಗಲ್ಲ. ಸ್ವಲ್ಪ ನೀರು ಇಟ್ಟು, ಆಗಾಗ ತೂಕ ನೋಡ್ಕೊಂಡು, ಬಿಟ್ಟುಬಿಡಬೇಕು. ಶಿವರಾತ್ರಿ ಹೊತ್ತಿಗೆ ತಾನೇ ಎದ್ದು ಬರುತ್ತೆ."

ನಾನು ಬೆಂಚಿನ ತುದಿಗೆ ಕೂತೆ.

"ಮೇಡಂ ನಿಮಗೆ ಹೇಳಿದ್ರಲ್ಲ ಸರ್" ಅಂದಳು. ಹೆದರಿದ್ದೆನಲ್ಲ, ಅದೇ ಮಾತು. "ಆಸ್ಪತ್ರೆಯಿಂದ ನನಗೆ ಫೋನ್ ಮಾಡಿದ್ರು. ಚಳಿಗಾಲಕ್ಕೆ ಅದು ಊಟ ಬಿಟ್ಟು ಮಲಗುತ್ತೆ, ಗಾಬರಿ ಆಗಬ್ಯಾಡ್ರಿ, ಮುಟ್ಟಿ ನೋಡ್ತಾ ಇರ್ರಿ ಸಾಕು ಅಂತ ಈಗಷ್ಟೇ ಇವರಿಗೆ ಹೇಳೀನಿ ಕಣಮ್ಮ ಅಂದ್ರು."

"ನಾನು ಏನಂದೆ ಅಂದಳು?"

"ಹೂಂ ಅಂದ್ರು ಅಂತ ಅಂದ್ರು." ಅವಳು ತಲೆ ತಗ್ಗಿಸಿದಳು. "ನಗಾಡಿದ್ರು ಸರ್. ಅವರು ಹೂಂ ಅಂದ್ರೆ ಕೇಳಿಸ್ಕೊಂಡಿಲ್ಲ ಅಂತಲೇ ಲೆಕ್ಕ, ನೀನೂ ಒಂದ್ಸಲ ಹೇಳಿಬಿಡು ಅಂದ್ರು. ಆಮೇಲೆ ಹಿಂಗಾಯ್ತಲ್ಲ, ಸತ್ತ ಮನೆಗೆ ಫೋನ್ ಮಾಡಿ ಓತಿಕ್ಯಾತದ ಮಾತು ಹೆಂಗೆ ಆಡೋದು ಅಂತ ಸುಮ್ಮನಾದೆ. ನಂದೇ ತಪ್ಪು ಸರ್." ಅವಳ ಕಣ್ಣಲ್ಲಿ ನೀರು ಬಂತು. ನನಗೆ ಬರಲಿಲ್ಲ.

ಪೆಟ್ಟಿಗೆ ಅಲ್ಲೇ ಬಿಟ್ಟು ಹೊರಗೆ ಬಂದೆ. ಬಂದ ಆಟೋ ಅಲ್ಲೇ ನಿಂತಿತ್ತು. "ಹರಿಹರ" ಅಂದೆ. ಆಟೋದವನು "ಅಷ್ಟು ದೂರಾನಾ?" ಅಂದ. "ನಡಿಯಪ್ಪಾ, ಸುಮ್ಮನೆ ನಡಿ!" ಅಂತ ಕಿರುಚಿದೆ. ಹೆಂಡತಿ ಹೋದಮೇಲೆ ನನ್ನ ದನಿ ಅಷ್ಟು ಜೋರಾಗಿ ಬಂದದ್ದು ಅದೇ ಮೊದಲು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಸೋಮವಾರ, ಮಂಗಳವಾರ, ಬುಧವಾರ. ಮೂರನೇ ದಿನ. ಹೆಂಚು ಅಡ್ಡ ಇಟ್ಟಿದ್ದೆ. ಮಣ್ಣು ತುಳಿದಿರಲಿಲ್ಲ. ಗೂಡು ಒಣಗಿತ್ತು. ಜೀವ ಇರೋದನ್ನ ಹುಗಿದು ಬಂದು ಫ್ಯಾನು ಮಾರಿದೆನಲ್ಲ ನಾನು!

ಸಲಿಕೆ ಕೇಳೋಕೂ ಹೋಗಲಿಲ್ಲ. ಮೊಣಕಾಲೂರಿ ಕೈಯಿಂದಲೇ ಬಗೆದೆ. ಉಗುರಿನ ಸಂದಿಯಲ್ಲಿ ಕಲ್ಲು ಹೊಕ್ಕು ರಕ್ತ ಬಂತು. ಹೆಂಚು ಸಿಕ್ಕಿತು. ಸರಿಸಿದೆ. ಗೂಡಿನೊಳಗೆ ಕರ್ಚೀಫು ಒಂದೇ ಬಿದ್ದಿತ್ತು.

ಕೈ ಒಳಗೆ ಹಾಕಿದೆ. ಗೂಡಿನ ಹಿಂಭಾಗದ ಸಡಿಲು ಮಣ್ಣಿನಲ್ಲಿ ಏನೋ ಗಟ್ಟಿಯಾಗಿ, ಮುಳ್ಳುಮುಳ್ಳಾಗಿ ಬೆರಳಿಗೆ ಸಿಕ್ಕಿತು. ಅದು ಕರ್ಚೀಫಿನಿಂದ ತಾನೇ ಜಾರಿ, ಮಣ್ಣು ಕೆದರಿಕೊಂಡು ಇನ್ನೂ ಒಳಗೆ ಹೋಗಿ ಮಲಗಿತ್ತು. ಎರಡೂ ಕೈಯಲ್ಲಿ ಎತ್ತಿದೆ. ಅವತ್ತೇ ಮೊದಲು ನಾನು ಅದನ್ನ ಮುಟ್ಟಿದ್ದು. ತಣ್ಣಗಿತ್ತು. ನಾನು ಹೆದರಿಕೊಂಡಿದ್ದಷ್ಟೇ ತಣ್ಣಗಿತ್ತು, ಆದರೂ ಕೈ ಹಿಂದೆ ಎಳೆಯಲಿಲ್ಲ.

ಬಿಸಿಲಿಗೆ ಒಯ್ದು, ಬೊಗಸೆಯಲ್ಲಿ ಹಿಡಿದು ಕೂತೆ. ಅಂಗಿಯ ಗುಂಡಿ ಬಿಚ್ಚಿ ಹೊಟ್ಟೆಗೆ ಒತ್ತಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಆಟೋದವನು ಬಂದು ನೋಡಿ, ಏನೂ ಕೇಳದೆ ವಾಪಸ್ ಹೋಗಿ ಕೂತ. ಮೊದಲು ಪಕ್ಕೆ ಒಂದು ಸಲ ಉಬ್ಬಿತು. ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ವಿಭೂತಿ ಮೆತ್ತಿದ ಆ ಮುಖದಲ್ಲಿ ಒಂದು ಕಣ್ಣು ತೆರೆಯಿತು. ನನ್ನನ್ನ ನೋಡಿತು. ಇವನೇನಾ ಅಂತ ನೋಡಿ ಮತ್ತೆ ಮುಚ್ಚಿಕೊಂಡಿತು.

"ಬದುಕೈತೆ" ಅಂದೆ. "ಲೇ, ಬದುಕೈತೆ ನೋಡೇ! ಮಲಗಿತ್ತು ಅಷ್ಟೇ!"

ಅಂದವನು ತಿರುಗಿ ಅವಳ ದಿಬ್ಬದ ಕಡೆ ನೋಡಿದೆ. ಮಣ್ಣು ಇಳಿದು ಸಮ ಆಗುತ್ತಾ ಬಂದಿತ್ತು, ಮೇಲೆ ಗರಿಕೆ ಚಿಗುರಿತ್ತು. ಅವಳನ್ನೂ ನಾನು ಮುಟ್ಟಿ ನೋಡಿರಲಿಲ್ಲ. ಅವಳ ವಿಷಯದಲ್ಲೂ ಯಾರೋ ಅಂದರು, ನಾನು ಹೂಂ ಅಂದೆ. ಓತಿಯನ್ನ ಅಂಗಿಯೊಳಗೆ ಬಿಟ್ಟುಕೊಂಡು ಮೊಣಕಾಲಲ್ಲೇ ಆ ಕಡೆ ಹೋದೆ. ನನಗೇನು ಬುದ್ಧಿ ಕೆಟ್ಟಿರಲಿಲ್ಲ, ಎಲ್ಲ ಗೊತ್ತಿತ್ತು. ಡಾಕ್ಟರು ನೋಡಿದ್ದಾರೆ, ಮೂರು ತಿಂಗಳಾಗಿದೆ, ಎಲ್ಲ ಗೊತ್ತಿತ್ತು. ಆದರೂ ಕೈ ಹೋಯಿತು. ಗರಿಕೆ ಕಿತ್ತು ಪಕ್ಕಕ್ಕಿಟ್ಟೆ. ಒಂದು ಬೊಗಸೆ ಮಣ್ಣು ತೆಗೆದೆ. ಎರಡನೇ ಬೊಗಸೆ ತೆಗೆದೆ.

ಮೂರನೇದಕ್ಕೆ ಕೈ ಹಾಕಿದಾಗ ಹೊಟ್ಟೆಯ ಹತ್ತಿರ ಓತಿ ಒಂದು ಸಲ ಕಾಲು ಒದರಿತು. ಅಲ್ಲಿಗೆ ನನ್ನ ಅಳು ಬಂತು. ಆಟೋದವನು ಓಡಿ ಬಂದು ಭುಜ ಹಿಡಿದುಕೊಂಡ. "ಯಾರ್ರಿ ಯಜಮಾನ್ರೆ?" ಅಂತ ಕೇಳಿದ. ನನ್ನ ಹೆಂಡತಿ ಅಂದೆ. ಏನೋ ಹೇಳಿದ್ದಳಪ್ಪ, ನಾನು ಈಗ ಕೇಳಿಸಿಕೊಂಡೆ ಅಂದೆ. ಅವನಿಗೆ ಏನು ತಿಳಿಯಿತೋ, ನಾನು ತೆಗೆದ ಎರಡು ಬೊಗಸೆ ಮಣ್ಣನ್ನ ಅವನೇ ವಾಪಸ್ ಹಾಕಿ, ಮೇಲೆ ಗರಿಕೆ ಇಟ್ಟು, ಅಂಗೈಯಿಂದ ಮೆತ್ತಗೆ ತಟ್ಟಿದ.